ಆಗುಂಬೆಯ ಮಳೆ, ತೆರೆಯ ಮೇಲಿನ ಸೂರ್ಯ

ಜುಲೈ ತಿಂಗಳಲ್ಲಿ ಆಗುಂಬೆಗೆ ಹೊರಟಿದ್ದೇನೆ ಎಂದಾಗ ಮನೆಯವರೆಲ್ಲ ನಕ್ಕರು. "ಸೂರ್ಯಾಸ್ತ ನೋಡೋಕಾ ಅಪ್ಪ?" ಎಂದು ಮಗಳು ಕೇಳಿದಳು. ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿರಲಿ, ಹುಟ್ಟಿದ್ದೇ ಗೊತ್ತಾಗುವುದಿಲ್ಲ. "ಅಲ್ಲ, ಸೂರ್ಯನ ಬಗ್ಗೆ ಪಾಠ ಕೇಳೋಕೆ" ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಆಗುಂಬೆ ಸಮೀಪದ ಒಂದು ಹಳ್ಳಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್. ಅವಳು ಫೋನ್ ಮಾಡಿದ್ದಳು: "ಸಾರ್, ನೀವು ನಮಗೆ ಪ್ರನಾಳದಲ್ಲಿ ಆಮ್ಲಜನಕ ತಯಾರಿಸಿ ತೋರಿಸಿದ್ರಿ. ನಾನು ಈಗ ಆಕಾಶವನ್ನೇ ತರಗತಿಗೆ ತಂದಿದೀನಿ. ಬಂದು ನೋಡಿ."

ಆ ಮಾತು ನನ್ನನ್ನು ಚುಚ್ಚಿತು. ಸತುವಿಗೆ ಆಮ್ಲ ಹಾಕಿ ಗುಳ್ಳೆ ಬರಿಸಿದ್ದೇನೆ, ಸುಣ್ಣದ ತಿಳಿನೀರನ್ನು ಉಸಿರಿನಿಂದಲೇ ಹಾಲಿನಂತೆ ಮಾಡಿ ತೋರಿಸಿದ್ದೇನೆ. ಆದರೆ ವಾಯುಗುಣದ ಪಾಠ ಬಂದಾಗ ಪುಸ್ತಕ ಓದಿಸಿ ಮುಗಿಸಿಬಿಡುತ್ತಿದ್ದೆ. ಇಡೀ ಭೂಮಿಯ ಗಾಳಿಯನ್ನು, ಅದೂ ನೂರಾರು ವರ್ಷಗಳ ಗಾಳಿಯನ್ನು, ಯಾವ ಪ್ರನಾಳದಲ್ಲಿ ಹಿಡಿಯುವುದು?

ಏಳನೇ ತರಗತಿಯ ಮೊಮ್ಮಗನೂ ಹೊರಟು ನಿಂತ. ಅವನ ಶಾಲೆಗೆ ಶನಿವಾರ ರಜ. ಶುಕ್ರವಾರ ಸಂಜೆ ಶಿವಮೊಗ್ಗದಿಂದ ಬಸ್ಸು ಹತ್ತಿದೆವು.

ಮಂಡಗದ್ದೆಯ ಹತ್ತಿರ ಬಸ್ಸು ನಿಧಾನವಾಯಿತು. ಕೆಂಪಾಗಿ ತುಂಬಿ ಹರಿಯುವ ತುಂಗೆಯ ನಡುವೆ ಅರ್ಧ ಮುಳುಗಿದ ಮರಗಳು, ಅವುಗಳ ತುಂಬ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. "ಮರ ಮುಳುಗಿದ್ರೆ ಮರಿಗಳ ಗತಿ ಏನು ತಾತ?" ಎಂದು ಮೊಮ್ಮಗ ಕೇಳಿದ. "ಅವು ನೀರು ನೋಡಿಯೇ ಗೂಡು ಕಟ್ಟೋದು. ಸುತ್ತ ನೀರಿದ್ದರೆ ಬೆಕ್ಕು, ಹಾವಿನ ಕಾಟ ಕಡಿಮೆ" ಎಂದೆ. ತೀರ್ಥಹಳ್ಳಿ ದಾಟುವ ಹೊತ್ತಿಗೆ ಕತ್ತಲಾಯಿತು. ಆಮೇಲೆ ಕಂಡದ್ದು ಬಸ್ಸಿನ ದೀಪದಲ್ಲಿ ಓರೆಯಾಗಿ ಬೀಳುವ ಮಳೆ ಮಾತ್ರ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಿದ್ದದ್ದೆಲ್ಲ ಹರಿದುಹೋಗದೆ ನಿಂತರೆ ಎರಡು ಅಂತಸ್ತಿನ ಮನೆ ಮುಳುಗೀತು! ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿಗೆ ಇಲ್ಲಿ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತ ನೀರನ್ನೆಲ್ಲ ಇಲ್ಲೇ ಇಳಿಸುತ್ತದೆ. ನಮ್ಮ ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಅದರ ಚೀಲ ಬಹುಪಾಲು ಖಾಲಿ.

ಟೀಚರ ಮನೆಯ ಜಗಲಿಯಲ್ಲಿ ಬಿಸಿ ಕಷಾಯ, ಕೆಸುವಿನ ಎಲೆಯ ಪತ್ರೊಡೆ ಕಾದಿದ್ದವು. ಅವಳ ಮಾವ, ಎಂಬತ್ತು ಸಮೀಪಿಸಿದ ಅಡಿಕೆ ಬೆಳೆಗಾರರು, ಕಂಬಳಿ ಹೊದ್ದು ಕುಳಿತಿದ್ದರು. "ಪುನರ್ವಸು ಮಳೆಗೆ ಬಂದಿರಿ, ಒಳ್ಳೆದಾಯ್ತು. ಹಿಂದೆಲ್ಲ ಈ ಮಳೆ ಹೀಗಿರ್ಲಿಲ್ಲ. ಈಗ ಮಳೆಯೇ ಕಮ್ಮಿ ಆಗಿದೆ ಅಂತ ಹೇಳ್ತಿದ್ದೆ..." ಎಂದವರು ಸೊಸೆಯ ಮುಖ ನೋಡಿ ನಕ್ಕು ಸುಮ್ಮನಾದರು. ಆ ನಗುವಿನ ಅರ್ಥ ಮರುದಿನ ಸಂಜೆ ತಿಳಿಯಿತು.

ಶನಿವಾರ ಬೆಳಗಿನ ಶಾಲೆ. ಛತ್ರಿ ಮಡಿಸಿ, ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆದು ಮಕ್ಕಳು ಒಳಗೆ ಬಂದರು. ಒಂಬತ್ತನೇ ತರಗತಿಯ ಇಪ್ಪತ್ತಾರು ಮಕ್ಕಳು, ನಾಲ್ಕು ಕಂಪ್ಯೂಟರ್, ಗೋಡೆಗೆ ಒಂದು ಬಿಳಿ ಪಂಚೆ, ಅದರ ಮೇಲೆ ಪ್ರೊಜೆಕ್ಟರಿನ ಬೆಳಕು. ಮಾಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಟೀಚರು ಕೂಗಿಯೇ ಪಾಠ ಮಾಡಬೇಕಿತ್ತು.

"ಹೊರಗೆ ಸೂರ್ಯ ಇಲ್ಲ. ಇಲ್ಲಿ ಇದ್ದಾನೆ ನೋಡಿ" ಎಂದು ಅವಳು ಒಂದು ಗುಂಡಿ ಒತ್ತಿದಳು. ಪಂಚೆಯ ಮೇಲೆ ಬಿಸಿಲು ಬಿತ್ತು!

ವರ್ಚುವಲ್ ಲ್ಯಾಬ್ ಎಂದರೆ ಇದೇ, ತೆರೆಯ ಮೇಲಿನ ಪ್ರಯೋಗಾಲಯ. ಅಂದು ನೋಡಿದ್ದನ್ನು ತಯಾರಿಸಿದ್ದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ 'ಫೆಟ್' ಎಂಬ ತಂಡ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಇದನ್ನು ಆರಂಭಿಸಿದರು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಮ್ಮ ದೇಶದಲ್ಲೂ ಅಮೃತ ವಿಶ್ವವಿದ್ಯಾಪೀಠ ಮತ್ತು ಸಿ-ಡ್ಯಾಕ್ ಸೇರಿ ಶಾಲಾ ಮಕ್ಕಳಿಗಾಗಿ 'ಓಲ್ಯಾಬ್ಸ್' ಎಂಬ ತೆರೆಯ ಪ್ರಯೋಗಾಲಯ ಕಟ್ಟಿವೆ. ಟೀಚರು ಬೇಕಾದ ಪ್ರಯೋಗಗಳನ್ನು ಮೊದಲೇ ಇಳಿಸಿಕೊಂಡಿದ್ದಳು. ಮಳೆಗಾಲದಲ್ಲಿ ಇಲ್ಲಿ ನೆಟ್‌ವರ್ಕ್ ನಂಬಿ ಕೂರುವಂತಿಲ್ಲ. ಇಂಗ್ಲಿಷ್ ಹೆಸರುಗಳ ಜಾಗಕ್ಕೆ ಕಾಗದದ ಚೀಟಿಯಲ್ಲಿ ಕನ್ನಡ ಬರೆದು ಪಂಚೆಗೆ ಪಿನ್ ಮಾಡಿದ್ದಳು.

ಮೊದಲ ಪ್ರಯೋಗ ಸರಳ. ಒಂದೊಂದೇ ಅಣುವನ್ನು ತೆರೆಗೆ ತಂದು ಅದರ ಮೇಲೆ ಅವಕೆಂಪು ಕಿರಣ ಬಿಡುವುದು. ಒಲೆಯ ಪಕ್ಕ ನಿಂತರೆ ಮುಖಕ್ಕೆ ತಾಗುತ್ತದಲ್ಲ ಶಾಖ, ಅದರಲ್ಲಿ ಹೆಚ್ಚಿನ ಪಾಲು ಅವಕೆಂಪು ಕಿರಣವೇ. ಸಾರಜನಕದ ಮೇಲೆ ಬಿಟ್ಟರು, ಕಿರಣ ನೇರ ದಾಟಿಹೋಯಿತು. ಆಮ್ಲಜನಕದ ಮೇಲೆ ಬಿಟ್ಟರು, ಅದೂ ಅಲುಗಾಡಲಿಲ್ಲ. ಇಂಗಾಲದ ಡೈಆಕ್ಸೈಡ್ ಬಂದಾಗ ಮಾತ್ರ ಅದು ದೇವರು ಮೈಮೇಲೆ ಬಂದವರ ಹಾಗೆ ಗಡಗಡ ನಡುಗಿ, ಕಿರಣವನ್ನು ನುಂಗಿ, ಸ್ವಲ್ಪ ಹೊತ್ತಿಗೆ ಬೇರೆ ದಿಕ್ಕಿಗೆ ಉಗುಳಿತು. ಮಕ್ಕಳೆಲ್ಲ ಗೊಳ್ಳೆಂದರು.

"ಗಾಳಿಯಲ್ಲಿ ಇದು ಎಷ್ಟಿದೆ ಮೇಡಂ?"

"ಹತ್ತು ಸಾವಿರ ಅಣು ತಗೊಂಡ್ರೆ ನಾಲ್ಕು."

"ಅಷ್ಟೇನಾ!" ಎಂದ ಹುಡುಗನೊಬ್ಬ.

"ನಿಮ್ಮಮ್ಮ ಬಿಳಿ ಬಟ್ಟೆಗೆ ಎಷ್ಟು ಹನಿ ನೀಲಿ ಹಾಕ್ತಾರೆ? ಬಕೆಟ್ ಪೂರ್ತಿ ಬಣ್ಣ ಆಗೋಲ್ವಾ?" ಎಂದಳು. ಇಂಥ ಉದಾಹರಣೆ ನನಗೆ ಹೊಳೆದಿರಲಿಲ್ಲ.

ಇದೇ ವಿಷಯವನ್ನು 1856ರಲ್ಲಿ ಯೂನಿಸ್ ಫೂಟ್ ಎಂಬ ಅಮೆರಿಕದ ಹೆಣ್ಣುಮಗಳು ಎರಡು ಗಾಜಿನ ಕೊಳವೆ, ಥರ್ಮಾಮೀಟರುಗಳನ್ನು ಇಟ್ಟುಕೊಂಡು ನೋಡಿದ್ದಳಂತೆ. ಒಂದರಲ್ಲಿ ಬರೀ ಗಾಳಿ, ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡ್. ಬಿಸಿಲಿಗಿಟ್ಟಾಗ ಎರಡನೆಯದು ಹೆಚ್ಚು ಕಾದಿತು, ತಣ್ಣಗಾಗಲು ಹೆಚ್ಚು ಹೊತ್ತು ಹಿಡಿಯಿತು. ಈ ಅನಿಲ ಹೆಚ್ಚಿದ್ದರೆ ಭೂಮಿಯೂ ಬಿಸಿಯಾದೀತು ಎಂದು ಅವಳು ಅಂದೇ ಬರೆದಳು. "ನೋಡಿ, ಕಂಪ್ಯೂಟರ್ ಇಲ್ಲದೆಯೂ ಆಗುತ್ತೆ. ಆದ್ರೆ ನಮಗೆ ಬಿಸಿಲು ಬರೋವರೆಗೆ, ಅಂದ್ರೆ ಅಕ್ಟೋಬರ್‌ವರೆಗೆ ಕಾಯಬೇಕು" ಎಂದು ಟೀಚರು ನಕ್ಕಳು.

ಎರಡನೇ ಪ್ರಯೋಗದಲ್ಲಿ ಇಡೀ ಭೂಮಿ. ಕೆಳಗೆ ಹಸಿರು ನೆಲ, ಮೇಲೆ ಆಕಾಶ, ಪಕ್ಕದಲ್ಲಿ ಥರ್ಮಾಮೀಟರ್. ಹಳದಿ ಚುಕ್ಕೆಗಳಾಗಿ ಬಿಸಿಲು ಇಳಿಯುತ್ತದೆ, ಕೆಂಪು ಚುಕ್ಕೆಗಳಾಗಿ ನೆಲದ ಶಾಖ ಮೇಲೇರುತ್ತದೆ. ಹಸಿರುಮನೆ ಅನಿಲಗಳನ್ನು ಹೆಚ್ಚು ಕಡಿಮೆ ಮಾಡಲು ಒಂದು ಜಾರುಗುಂಡಿ. ಅದನ್ನು ಪೂರ್ತಿ ಕೆಳಗಿಳಿಸಿದಾಗ ಕೆಂಪು ಚುಕ್ಕೆಗಳೆಲ್ಲ ತಡೆಯಿಲ್ಲದೆ ಆಕಾಶಕ್ಕೆ ಹಾರಿದವು, ಥರ್ಮಾಮೀಟರ್ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ ಹೋಯಿತು. "ಅಂದ್ರೆ ಈ ಅನಿಲ ನಮ್ಮ ಶತ್ರು ಅಲ್ಲ. ಇದು ಕಂಬಳಿ. ಇಲ್ಲದಿದ್ರೆ ಭೂಮಿ ಹೆಪ್ಪುಗಟ್ಟಿರೋದು. ಇದರಿಂದಲೇ ನಮ್ಮ ಭೂಮಿಯ ಸರಾಸರಿ ಸುಮಾರು 15 ಡಿಗ್ರಿ" ಎಂದಳು ಟೀಚರು. 1750ನೇ ಇಸವಿ ಆರಿಸಿದರು. ಕಾರ್ಖಾನೆಗಳ ಯುಗಕ್ಕೆ ಮುಂಚಿನ ಆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಈಗ ಅದು 420 ದಾಟಿದೆ. ಕಂಬಳಿ ದಪ್ಪವಾಗಿದೆ.

ಆಮೇಲೆ ಮಕ್ಕಳಿಗೆ ಬಿಟ್ಟಳು. ನನ್ನ ಮೊಮ್ಮಗನಿಗೂ ಸರದಿ ಬಂತು. ಅವನು ಗುಂಡಿಯನ್ನು ತುದಿಯವರೆಗೆ ಎಳೆದ. ಥರ್ಮಾಮೀಟರ್ ಏರುತ್ತ ಹೋಯಿತು. ತರಗತಿ ನಿಶ್ಶಬ್ದವಾಯಿತು. ಅವನು ತಿರುಗಿ ನೋಡಿ, ಗುಂಡಿಯನ್ನು ಪಟಕ್ಕನೆ ಹಿಂದಕ್ಕೆ ಎಳೆದ. ಕೆಲವೇ ಕ್ಷಣದಲ್ಲಿ ಉಷ್ಣತೆ ಇಳಿಯಿತು.

"ಹಿಂದಕ್ಕೆ ಎಳೆದ್ರೆ ಆಯ್ತಲ್ಲ ತಾತ? ಇಷ್ಟೇ ತಾನೆ!"

ನಾನು ಬಾಯಿ ತೆರೆಯುವ ಮುಂಚೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದಳು. "ನಮ್ಮ ತೋಟದಲ್ಲಿ ಕೊಳೆ ಬಂದು ಉದುರಿದ ಅಡಿಕೆ ತಿರುಗಿ ಮರ ಹತ್ತೋದಿಲ್ಲ" ಎಂದಳು. ಅವಳು ಜೋಕು ಹೇಳಿದ್ದಲ್ಲ. ಮಳೆ ಬಿಡುವು ಕೊಡದಿದ್ದರೆ ಅಡಿಕೆ ಗೊನೆಗೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯಲಾಗುವುದಿಲ್ಲ. ಕೊಳೆರೋಗ ಬಂದರೆ ಎಳೆಗಾಯಿ ರಾಶಿ ರಾಶಿಯಾಗಿ ಉದುರುತ್ತದೆ. ಅವಳ ಮನೆಯ ವರ್ಷದ ಅನ್ನ ಅದು.

"ಅವಳು ಹೇಳಿದ್ದು ಸರಿ. ತೆರೆಯ ಮೇಲಿನ ಲ್ಯಾಬು ಇದನ್ನು ಇದ್ದ ಹಾಗೆ ತೋರಿಸಲ್ಲ. ಇಲ್ಲಿ ಗುಂಡಿ ಹಿಂದಕ್ಕೆ ಬರುತ್ತೆ. ಹೊರಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ದೊಡ್ಡ ಪಾಲು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತೆ" ಎಂದಳು ಟೀಚರು.

ಅಷ್ಟರಲ್ಲಿ ಕರೆಂಟು ಹೋಯಿತು. ಪಂಚೆಯ ಮೇಲಿನ ಸೂರ್ಯ ಆರಿದ.

ನಾನಾಗಿದ್ದರೆ ಪಾಠ ನಿಲ್ಲಿಸುತ್ತಿದ್ದೆ. ಅವಳು ಬೆಂಚುಗಳನ್ನು ಗೋಡೆಗೆ ಸರಿಸಿಸಿದಳು. ಕಪ್ಪುಹಲಗೆಯ ಗೋಡೆ ಭೂಮಿ, ಎದುರಿನ ಬಾಗಿಲು ಬಾಹ್ಯಾಕಾಶ. ಐದು ಮಕ್ಕಳು ಶಾಖದ ಕಿರಣಗಳು, ಬಾಗಿಲಿಗೆ ಓಡಬೇಕು. ಕೈ ಕಟ್ಟಿ ನಿಂತವರು ಸಾರಜನಕ, ಆಮ್ಲಜನಕ, ಅವರು ತಡೆಯುವಂತಿಲ್ಲ. ಕೈ ಚಾಚಿದ ಇಬ್ಬರು ಇಂಗಾಲದ ಡೈಆಕ್ಸೈಡ್. ಅವರು ಮುಟ್ಟಿದರೆ ನಾಣ್ಯ ಚಿಮ್ಮಬೇಕು. ತಲೆ ಬಿದ್ದರೆ ಬಾಗಿಲ ಕಡೆ, ಬಾಲ ಬಿದ್ದರೆ ವಾಪಸ್ಸು ಭೂಮಿಗೆ. ಮೊದಲ ಸಲ ಎಲ್ಲರೂ ಬೇಗ ಹೊರಗೆ ಹೋದರು. ಕೈ ಚಾಚಿದವರನ್ನು ಎರಡರಿಂದ ಆರಕ್ಕೆ ಏರಿಸಿದಾಗ ಒಬ್ಬ ಹುಡುಗ ಮೂರು ಸಲ ಭೂಮಿಗೆ ಮರಳಿ ಬಂದು ಬೆವೆತು ಕುಳಿತ. "ಗೊತ್ತಾಯ್ತು ಮೇಡಂ, ಶಾಖ ಕಳೆದುಹೋಗಲ್ಲ. ಹೊರಗೆ ಹೋಗೋಕೆ ತಡ ಆಗುತ್ತೆ, ಅದಕ್ಕೇ ಒಳಗೆ ಬಿಸಿ" ಎಂದ ಏದುಸಿರು ಬಿಡುತ್ತ. ಇಡೀ ಪಾಠ ಒಂದು ವಾಕ್ಯದಲ್ಲಿ ಬಂತು. ಆದರೆ ತೆರೆಯ ಮೇಲೆ ಆ ಕೆಂಪು ಚುಕ್ಕೆಗಳನ್ನು ಮೊದಲು ನೋಡದಿದ್ದರೆ ಈ ಆಟ ಬರೀ ಮುಟ್ಟಾಟವಾಗುತ್ತಿತ್ತು.

ಸಂಜೆ ಜಗಲಿಯಲ್ಲಿ ಲಾಟೀನಿನ ಬೆಳಕು. ಟೀಚರ ಮಾವ ಒಳಗಿನಿಂದ ಒಂದು ಕಟ್ಟು ಹಳೇ ನೋಟುಪುಸ್ತಕ ತಂದರು. ಅಂಗಳದ ಮಳೆಮಾಪಕದಲ್ಲಿ ಬಿದ್ದ ಮಳೆಯನ್ನು ದಿನವೂ ಬೆಳಿಗ್ಗೆ ಬರೆದಿಟ್ಟ ಲೆಕ್ಕ, ಮೂವತ್ತು ವರ್ಷ ಮೀರಿದ್ದು. ಮೊದಲು ಇಂಚಿನಲ್ಲಿ, ಆಮೇಲೆ ಮಿಲಿಮೀಟರಿನಲ್ಲಿ. ನಡುವೆ ಅಲ್ಲಲ್ಲಿ 'ಹಂಡ ಹಸು ಕರು ಹಾಕಿತು', 'ಸಂಕ ಕೊಚ್ಚಿಹೋಯಿತು' ಎಂಬ ಟಿಪ್ಪಣಿಗಳು. ಒಂದು ದಿನದ ಮಳೆ ಹವಾಮಾನ, ಮೂವತ್ತು ವರ್ಷದ ಸರಾಸರಿ ವಾಯುಗುಣ ಎಂದು ನಾನು ಕಲಿಸುತ್ತಿದ್ದೆ. ಆ ಮೂವತ್ತು ವರ್ಷ ನನ್ನ ಮಡಿಲಲ್ಲಿ ಭಾರವಾಗಿ ಕುಳಿತಿತ್ತು.

"ಕಳೆದ ವರ್ಷ ಶಾಲೆ ಮಕ್ಕಳು ಇದನ್ನೆಲ್ಲ ಕಂಪ್ಯೂಟರಿಗೆ ತುಂಬಿ ಗೆರೆ ಎಳೆದ್ರು" ಎಂದರು ಹಿರಿಯರು. "ಮಳೆ ಕಮ್ಮಿ ಆಗ್ತಾ ಬಂದಿದೆ ಅಂತ ನಾನು ಹತ್ತು ವರ್ಷದಿಂದ ಎಲ್ಲರಿಗೂ ಹೇಳ್ತಿದ್ದೆ. ಗೆರೆ ನೋಡಿದ್ರೆ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ, ಹಲ್ಲು ಹಲ್ಲು! ನನ್ನ ಕೈಬರಹವೇ ನನ್ನನ್ನು ಸುಳ್ಳುಗಾರನ್ನ ಮಾಡ್ತು." ಎಂದು ಮನಸಾರೆ ನಕ್ಕರು.

"ಮಕ್ಕಳಿಗೂ ನಿರಾಸೆ ಆಯ್ತು ಸಾರ್" ಎಂದಳು ಸೊಸೆ. "ತೆರೆಯ ಮೇಲೆ ಎಲ್ಲ ನುಣ್ಣಗೆ ಏರುತ್ತೆ, ಇಳಿಯುತ್ತೆ. ಅಜ್ಜನ ಪುಸ್ತಕದಲ್ಲಿ ಹಾಗಿಲ್ಲ. ಒಂದೇ ಅಂಗಳದ ಲೆಕ್ಕದಿಂದ ಇಡೀ ಭೂಮಿಯ ಮಾತು ಹೇಳೋಕಾಗಲ್ಲ ಅಂತ ಆಗಲೇ ಅವರಿಗೆ ಅರ್ಥ ಆಗಿದ್ದು. ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು ಅಂತ ಗೊತ್ತು. ಹಾಗಾಗಿ ಸುರಿದಾಗ ಜೋರಾಗಿ ಸುರಿಯೋ ಸಾಧ್ಯತೆ ಹೆಚ್ಚು. ಅದಕ್ಕೆ ಈಗ ಮಕ್ಕಳು ಒಟ್ಟು ಮಳೆ ಬಿಟ್ಟು, ಬೇರೆ ಪ್ರಶ್ನೆ ಕೇಳ್ತಿದಾರೆ. ಮಳೆಗಾಲದಲ್ಲಿ ಔಷಧಿ ಹೊಡೆಯೋಕೆ ಸಿಕ್ಕ ಬಿಡುವಿನ ದಿನ ಎಷ್ಟು, ಒಂದೇ ದಿನ ಭಾರಿ ಸುರಿದದ್ದು ಎಷ್ಟು ಸಲ? ಎಣಿಕೆ ನಡೀತಿದೆ."

ನನಗೆ ಚಾರ್ಲ್ಸ್ ಕೀಲಿಂಗ್ ನೆನಪಾದರು. 1958ರಲ್ಲಿ ಅವರು ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರು ಮಾಡಿದರು. ಆಗ ಹತ್ತು ಲಕ್ಷಕ್ಕೆ 315ರ ಆಸುಪಾಸು ಇತ್ತು. 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗ ರಾಲ್ಫ್ ಕೀಲಿಂಗ್ ಆ ಲೆಕ್ಕ ಮುಂದುವರಿಸಿದರು. ನಮಗೆಲ್ಲ ಗೊತ್ತಿರುವ ಏರುಗೆರೆ ಹುಟ್ಟಿದ್ದು ಇಂಥ ಬೇಸರವಿಲ್ಲದ ಬರವಣಿಗೆಯಿಂದ. ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಅಕ್ಷರ ಬದಲಾಗಿತ್ತು. ಹಿರಿಯರ ಕೈ ನಡುಗಲು ಶುರುವಾದ ಮೇಲೆ ಸೊಸೆ ಬರೆಯುತ್ತಿದ್ದಾಳೆ.

ರಾತ್ರಿ ಮಳೆಯ ಸದ್ದಿನಲ್ಲಿ ಮೊಮ್ಮಗನಿಗೆ ನಿದ್ದೆ ಹತ್ತಲಿಲ್ಲ. "ತಾತ, ಆ ಗುಂಡಿಯನ್ನ 280ರಿಂದ 420ಕ್ಕೆ ಎಳೆದವರು ಯಾರು?" ಎಂದ.

ಕತ್ತಲೆಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ, ಅದು ನನಗೆ ಅನುಕೂಲವೇ ಆಯಿತು. "ಹೆಚ್ಚು ಎಳೆದದ್ದು ಶ್ರೀಮಂತ ದೇಶಗಳು. ಆದ್ರೆ ನಾನೂ ಒಂದು ಬೆರಳು ಹಾಕಿದೀನಿ. ಹಾಲು ತರೋಕೂ ಸ್ಕೂಟರ್ ತೆಗೀತಿದ್ದೆ."

"ಗೊತ್ತಿದ್ದೂ ಎಳೆದ್ಯಾ?"

"ಗೊತ್ತಿಲ್ಲದೆ ಸ್ವಲ್ಪ, ಗೊತ್ತಿದ್ದೂ ಸ್ವಲ್ಪ."

ಅವನು ತುಂಬ ಹೊತ್ತು ಸುಮ್ಮನಿದ್ದ. "ಹಿಂದಕ್ಕೆ ಎಳೆಯೋಕಾಗದಿದ್ರೆ ಏನು ಮಾಡೋದು?" ಎಂದ. ಮಕ್ಕಳಿಗೆ ಇಂಥ ಹೊತ್ತಿನಲ್ಲಿ ಸುಳ್ಳು ಸಮಾಧಾನ ಹೇಳಬಾರದು, ಹೆದರಿಸಲೂಬಾರದು. "ಬೆಳಿಗ್ಗೆ ತೆರೆಯ ಮೇಲೆ ಇನ್ನೊಂದನ್ನೂ ನೋಡಿದ್ಯಲ್ಲ. ಗುಂಡಿ ಎಲ್ಲಿ ನಿಲ್ಲಿಸ್ತೀವೋ ಬಿಸಿ ಹೆಚ್ಚುಕಮ್ಮಿ ಅಲ್ಲೇ ಬಂದು ನಿಲ್ಲುತ್ತೆ. ಮೇಲಕ್ಕೆ ಎಳೆಯೋದನ್ನ ಎಷ್ಟು ಬೇಗ ಬಿಟ್ರೆ ಅಷ್ಟು ಕಡಿಮೆ. ಆ ಗುಂಡಿ ಮೇಲೆ ಈಗ ನಿನ್ನ ಕೈಯೂ ಇದೆ, ನನ್ನದೂ ಇನ್ನೂ ಇದೆ" ಎಂದೆ. "ಹಾಗಾದ್ರೆ ಹಾಲಿಗೆ ನಡೆದುಕೊಂಡು ಹೋಗೋಣ" ಎಂದು ಹೇಳಿ ನಿದ್ದೆ ಹೋದ. ಹಾಲಿನ ನಡಿಗೆಯಿಂದ ಭೂಮಿ ಉಳಿಯುವುದಿಲ್ಲ, ನನಗೆ ಗೊತ್ತು. ಆದರೆ ಕೇಳಿದ ಪ್ರಶ್ನೆಯನ್ನು ಅವನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ. ಅಷ್ಟು ಸಾಕೆನಿಸಿತು.

ಭಾನುವಾರ ಬೆಳಿಗ್ಗೆ ಸೂರ್ಯಾಸ್ತದ ಕಟ್ಟೆಗೆ ಹೋದೆವು. ಶುಭ್ರ ಆಕಾಶವಿದ್ದರೆ ಇಲ್ಲಿಂದ ದೂರದ ಅರಬ್ಬೀ ಸಮುದ್ರ ಕಾಣುತ್ತದೆ. ಅಂದು ಕೈ ಚಾಚಿದರೆ ಕೈಯೇ ಕಾಣದಷ್ಟು ಮಂಜು. ಘಾಟಿಯ ಹದಿನಾಲ್ಕು ತಿರುವುಗಳೂ ಅದರಲ್ಲಿ ಮುಳುಗಿದ್ದವು. "ಏನೂ ಕಾಣಿಸ್ತಿಲ್ಲ" ಎಂದೆ. "ಸಮುದ್ರವೇ ಎದ್ದು ಬಂದಿದೆಯಲ್ಲ ತಾತ, ಗಾಳಿ ಹೊತ್ತುಕೊಂಡು" ಎಂದ ಮೊಮ್ಮಗ.

ಶಿವಮೊಗ್ಗಕ್ಕೆ ಬಂದವನೇ ಅವನು ಪ್ಲಾಸ್ಟಿಕ್ ಬಾಟಲಿ ಹುಡುಕಿದ. ಮಕ್ಕಳೇ, ನೀವೂ ಮಾಡಬಹುದು. ನೇರ ಗೋಡೆಯ, ಚಪ್ಪಟೆ ತಳದ ಬಾಟಲಿ ತೆಗೆದುಕೊಂಡು, ಮೇಲಿನ ಮೂರನೇ ಒಂದು ಭಾಗವನ್ನು ಅಜ್ಜ ಅಜ್ಜಿಯ ಸಹಾಯದಿಂದ ಕತ್ತರಿಸಿ, ಅದನ್ನು ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಹೊರಗೆ ಮಿಲಿಮೀಟರ್ ಗೆರೆಗಳ ಪಟ್ಟಿ ಅಂಟಿಸಿ. ಮರ, ಮಾಡು ಅಡ್ಡ ಬಾರದ ಬಯಲಲ್ಲಿ, ಬೀಳದಂತೆ ಇಟ್ಟಿಗೆಯ ನಡುವೆ ಇಡಿ. ಹವಾಮಾನ ಇಲಾಖೆಯವರ ಹಾಗೆ ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ, ಬರೆದು, ಚೆಲ್ಲಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಮಳೆ ಬಾರದ ದಿನ 'ಸೊನ್ನೆ' ಎಂದು ಬರೆಯುವುದನ್ನು ಮರೆಯಬೇಡಿ. ಅದೂ ಲೆಕ್ಕವೇ.

ನಮ್ಮ ಮನೆಯ ನೋಟುಪುಸ್ತಕದಲ್ಲಿ ಈಗ ಮೂರು ಪುಟ ತುಂಬಿದೆ. ಮೊದಲ ದಿನ ಮೊಮ್ಮಗ ಅಂಕಿ ತಪ್ಪಾಗಿ ಬರೆದು ರಬ್ಬರಿನಿಂದ ಅಳಿಸಲು ಹೋದ. ಆಮೇಲೆ ಯೋಚಿಸಿ ರಬ್ಬರು ಕೆಳಗಿಟ್ಟ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲೇ ಸರಿಯಾದದ್ದನ್ನು ಬರೆದ.